ಮನೆಯ ಸೋಲಾರ್ ಮತ್ತು ಲೈಟ್ ಬಿಲ್ಲು: ಮೂರು ಅಂಕಿಗಳ ಲೆಕ್ಕ



ಅಹಮದಾಬಾದ್, ವಡೋದರಾ, ಸೂರತ್ ಈ ಮೂರೂ ಊರುಗಳಲ್ಲಿ ನಮ್ಮವರ ಮನೆಯ ತಾರಸಿಗಳ ಮೇಲೆ ಈಗ ಸೋಲಾರ್ ಪ್ಯಾನೆಲ್ ಕಾಣದ ಓಣಿ ಕಡಿಮೆ. 2019ರಲ್ಲಿ ಸೂರ್ಯ ಗುಜರಾತ್ ಯೋಜನೆ ಬಂತು, 2024ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರದ ಪಿ.ಎಂ. ಸೂರ್ಯ ಘರ್ ಯೋಜನೆ ಬಂತು. ಸಬ್ಸಿಡಿ ಸಿಗುತ್ತದೆ ಎಂದು ಹಲವರು ಹಾಕಿಸಿದರು. ಒಳ್ಳೆಯದೇ ಆಯಿತು. ಆದರೆ ಹಾಕಿಸಿದ ಮೇಲೆ ಮೊದಲ ಬಿಲ್ಲು ಬಂದ ದಿನ ನಮಗೆ ಫೋನ್ ಬರುವುದು ಮಾತ್ರ ತಪ್ಪಿದ್ದಲ್ಲ. ಎಲ್ಲರದ್ದೂ ಒಂದೇ ಪ್ರಶ್ನೆ: "ಶೆಟ್ರೇ, ಇನ್ವರ್ಟರ್‌ನಲ್ಲಿ 820 ಯೂನಿಟ್ ತೋರಿಸ್ತಾ ಉಂಟು. ಬಿಲ್ಲಿನಲ್ಲಿ 560 ಮಾತ್ರ ಜಮಾ ಕೊಟ್ಟಿದ್ದಾರೆ. ಬಾಕಿ 260 ಯೂನಿಟ್ ಯಾರು ತಿಂದರು?"

ಉತ್ತರ ಬಹಳ ಸರಳ. ಅದನ್ನು ತಿಂದದ್ದು ನಿಮ್ಮ ಮನೆಯೇ. ಇದು ಹೇಗೆ ಎಂದು ಅರ್ಥ ಮಾಡಿಕೊಂಡರೆ ವಿದ್ಯುತ್ ಕಚೇರಿಯಲ್ಲಿ ಸುಮ್ಮನೆ ಜಗಳ ಮಾಡುವುದು ತಪ್ಪುತ್ತದೆ. ಅದಕ್ಕಿಂತ ಮುಖ್ಯವಾಗಿ, ನಿಜವಾಗಿ ನಷ್ಟ ಆಗುತ್ತಿರುವಾಗ ಅದು ಕಣ್ಣಿಗೆ ಬೀಳುತ್ತದೆ. ನಾವು ಇಂಜಿನಿಯರ್ ಅಲ್ಲ, ಹತ್ತನೇ ತರಗತಿವರೆಗೆ ಓದಿ ಹೋಟೆಲಿಗೆ ಬಂದವರು. ಆದರೆ ಗಲ್ಲಾದ ಲೆಕ್ಕ, ಸ್ಟೋರಿನ ಲೆಕ್ಕ ಬಲ್ಲವರಿಗೆ ಈ ಲೆಕ್ಕ ಕಷ್ಟ ಅಲ್ಲ.

ಕಿಲೋವ್ಯಾಟ್ ಬೇರೆ, ಯೂನಿಟ್ ಬೇರೆ

ಮೊದಲು ಈ ಎರಡು ಶಬ್ದಗಳನ್ನು ಬೇರೆ ಬೇರೆ ಮಾಡಿಕೊಳ್ಳಬೇಕು. ನಲ್ಲಿಯಲ್ಲಿ ನೀರು ಎಷ್ಟು ಜೋರಾಗಿ ಬರುತ್ತಿದೆ ಎನ್ನುವುದು ಕಿಲೋವ್ಯಾಟ್. ಒಂದು ಗಂಟೆಯಲ್ಲಿ ಟಾಂಕಿಯಲ್ಲಿ ಎಷ್ಟು ನೀರು ತುಂಬಿತು ಎನ್ನುವುದು ಯೂನಿಟ್. 1 ಕಿಲೋವ್ಯಾಟ್ ಲೋಡ್ ಒಂದು ಗಂಟೆ ನಡೆದರೆ 1 ಯೂನಿಟ್. 2 ಕಿಲೋವ್ಯಾಟ್ ಗೀಸರ್ ಅರ್ಧ ಗಂಟೆ ಉರಿದರೂ 1 ಯೂನಿಟ್. 1 ಎಚ್.ಪಿ. ಗ್ರೈಂಡರ್ ಎಂದರೆ ಸುಮಾರು ಮುಕ್ಕಾಲು ಕಿಲೋವ್ಯಾಟ್. ಎರಡು ಗಂಟೆ ಅಕ್ಕಿ ರುಬ್ಬಿದರೆ ಸುಮಾರು ಒಂದೂವರೆ ಯೂನಿಟ್.

ಸೋಲಾರ್‌ಗೂ ಇದೇ ಲೆಕ್ಕ. "3 ಕಿಲೋವ್ಯಾಟ್ ಹಾಕಿಸಿದೆ" ಎಂದರೆ ದಿನವಿಡೀ 3 ಬರುತ್ತದೆ ಎಂದಲ್ಲ. ಬೆಳಿಗ್ಗೆ ಏಳಕ್ಕೆ ಸೊನ್ನೆಯಿಂದ ಏರುತ್ತಾ ಹೋಗಿ, ಮಧ್ಯಾಹ್ನ ಹನ್ನೆರಡೂವರೆ ಹೊತ್ತಿಗೆ ಮೇಲಕ್ಕೆ ಮುಟ್ಟಿ, ಸಂಜೆ ಆರಕ್ಕೆ ಪುನಃ ಸೊನ್ನೆಗೆ ಬರುತ್ತದೆ. ಮಧ್ಯಾಹ್ನವೂ ಅದು 3 ಮುಟ್ಟುವುದು ಅಪರೂಪ, 2.3ರಿಂದ 2.5 ಕಂಡರೆ ಸರಿಯಾಗಿದೆ ಎಂದೇ ತಿಳಿಯಿರಿ. ಪ್ಯಾನೆಲ್ ಮೇಲೆ ಬರೆದ ವ್ಯಾಟ್ ಅಂಕಿ, ಪ್ಯಾನೆಲ್‌ನ ಒಳಗಿನ ಬಿಸಿ 25 ಡಿಗ್ರಿ ಇರುವಾಗ ಅಳೆದದ್ದು. ಅದಕ್ಕಿಂತ ಬಿಸಿ ಏರಿದ ಪ್ರತಿ ಡಿಗ್ರಿಗೂ ಸುಮಾರು ಶೇಕಡಾ 0.35ರಿಂದ 0.4ರಷ್ಟು ಉತ್ಪಾದನೆ ಇಳಿಯುತ್ತದೆ. ಅಹಮದಾಬಾದಿನ ಮೇ ತಿಂಗಳಲ್ಲಿ ಹೊರಗೆ 43 ಡಿಗ್ರಿ ಇದ್ದಾಗ ತಾರಸಿಯ ಮೇಲಿನ ಪ್ಯಾನೆಲ್ 65 ಡಿಗ್ರಿ ಮುಟ್ಟುತ್ತದೆ. ಅಲ್ಲಿಗೆ ಶೇಕಡಾ 15ರಷ್ಟು ಹೋಯಿತು. ಸೋಲಾರ್‌ಗೆ ಬೇಕಾದದ್ದು ಬೆಳಕು, ಬಿಸಿ ಅಲ್ಲ. ಬಿಸಿಲು ಜಾಸ್ತಿ ಆದ ಕೂಡಲೇ ಕರೆಂಟೂ ಅಷ್ಟೇ ಜಾಸ್ತಿ ಬರಬೇಕು ಎಂದು ತಿಳಿಯುವುದು ಸರಿಯಲ್ಲ.

ಗೇಟಿನ ವಾಚ್‌ಮನ್ ಮತ್ತು ಅಡುಗೆ ಮನೆ

ಸೋಲಾರ್ ಇರುವ ಮನೆಯಲ್ಲಿ ಮೂರು ಅಂಕಿಗಳು ಇರುತ್ತವೆ. ಒಂದು, ಉತ್ಪಾದನೆ: ಪ್ಯಾನೆಲ್‌ಗಳು ತಯಾರಿಸಿದ ಒಟ್ಟು ಯೂನಿಟ್. ಇದನ್ನು ಇನ್ವರ್ಟರ್ ತೋರಿಸುತ್ತದೆ. ಸೋಲಾರ್‌ಗೆಂದೇ ಬೇರೆ ಜನರೇಶನ್ ಮೀಟರ್ ಕೂರಿಸಿದ್ದರೆ ಅದರಲ್ಲೂ ಕಾಣುತ್ತದೆ. ಎರಡು, ಇಂಪೋರ್ಟ್: ಕಂಪನಿಯ ಲೈನಿನಿಂದ ನಾವು ಪಡೆದದ್ದು. ಮೂರು, ಎಕ್ಸ್‌ಪೋರ್ಟ್: ನಮಗೆ ಬೇಡವಾಗಿ ಲೈನಿಗೆ ವಾಪಸ್ ಹೋದದ್ದು. ಈ ಎರಡನ್ನೂ ತೋರಿಸುವುದು ನೆಟ್ ಮೀಟರ್.

ಇದನ್ನು ನಮ್ಮ ಧಂಧೆಯ ಮಾತಿನಲ್ಲಿ ನೋಡೋಣ. ಅಡುಗೆ ಮನೆಯಲ್ಲಿ ಬೆಳಿಗ್ಗೆ 300 ಇಡ್ಲಿ ಬೆಂದಿತು. ಹಾಲ್‌ನಲ್ಲಿ ಗಿರಾಕಿಗಳು 100 ತಿಂದರು. 200 ಇಡ್ಲಿ ಪಾರ್ಸೆಲ್ ಆಗಿ ಇನ್ನೊಂದು ಬ್ರಾಂಚಿಗೆ ಹೋಯಿತು. ಸಂಜೆ ಇಡ್ಲಿ ಮುಗಿದಾಗ ಆ ಬ್ರಾಂಚಿನಿಂದ 150 ತರಿಸಿದೆವು. ಗೇಟಿನ ವಾಚ್‌ಮನ್ ಪುಸ್ತಕದಲ್ಲಿ ಏನಿರುತ್ತದೆ? ಹೋದದ್ದು 200, ಬಂದದ್ದು 150. ಅಷ್ಟೇ. ಅಡುಗೆ ಮನೆಯಲ್ಲಿ 300 ಬೆಂದದ್ದು ಅವನಿಗೆ ಗೊತ್ತಿಲ್ಲ. ಹಾಲ್‌ನಲ್ಲಿ 100 ಖರ್ಚಾದದ್ದೂ ಗೊತ್ತಿಲ್ಲ. ಅವನು ಕಳ್ಳನಲ್ಲ, ಗೇಟು ದಾಟಿದ್ದನ್ನು ಮಾತ್ರ ಬರೆಯುವುದು ಅವನ ಕೆಲಸ.

ನೆಟ್ ಮೀಟರ್ ಎಂದರೆ ಆ ವಾಚ್‌ಮನ್. ಹಗಲು ಹೊತ್ತು ಸೋಲಾರ್‌ನಿಂದ ಬಂದ ಕರೆಂಟ್ ಮೊದಲು ಮನೆಯ ಫ್ರಿಜ್, ಫ್ಯಾನ್, ಪಂಪಿಗೆ ಹೋಗುತ್ತದೆ. ಅದು ಮೀಟರ್ ದಾಟುವುದೇ ಇಲ್ಲ. ಉಳಿದದ್ದು ಮಾತ್ರ ಮೀಟರ್ ದಾಟಿ ಲೈನಿಗೆ ಹೋಗುತ್ತದೆ, ಅದೇ ಎಕ್ಸ್‌ಪೋರ್ಟ್. ಹಾಗಾಗಿ ಉತ್ಪಾದನೆಗಿಂತ ಎಕ್ಸ್‌ಪೋರ್ಟ್ ಯಾವಾಗಲೂ ಕಡಿಮೆಯೇ ಇರಬೇಕು. ಎಕ್ಸ್‌ಪೋರ್ಟ್ ಜಾಸ್ತಿ ಕಂಡರೆ ಎಲ್ಲೋ ರೀಡಿಂಗ್ ತಪ್ಪಿದೆ ಎಂದರ್ಥ.

ಒಂದು ಬಿಲ್ಲಿನ ಲೆಕ್ಕ

ಇಲ್ಲಿ ಮನೆಯ ಬಿಲ್ಲು ಎರಡು ತಿಂಗಳಿಗೊಮ್ಮೆ ಬರುತ್ತದೆ. 3 ಕಿಲೋವ್ಯಾಟ್ ಸೋಲಾರ್ ಇರುವ ಒಂದು ಮನೆಯ ಮಾರ್ಚ್ ಮತ್ತು ಏಪ್ರಿಲಿನ 60 ದಿನದ ಲೆಕ್ಕ ಹೀಗಿದೆ ಎಂದಿಟ್ಟುಕೊಳ್ಳಿ:

ಉತ್ಪಾದನೆ 820 ಯೂನಿಟ್.
ಎಕ್ಸ್‌ಪೋರ್ಟ್ 560 ಯೂನಿಟ್.
ಇಂಪೋರ್ಟ್ 640 ಯೂನಿಟ್.

ಸೋಲಾರ್‌ನಿಂದ ನೇರ ಮನೆಗೆ ಖರ್ಚಾದದ್ದು: 820ರಲ್ಲಿ 560 ಕಳೆದರೆ 260.
ಮನೆಯ ಒಟ್ಟು ಖರ್ಚು: 260ಕ್ಕೆ 640 ಕೂಡಿಸಿದರೆ 900.
ಬಿಲ್ಲಿಗೆ ಬರುವ ನೆಟ್ ಯೂನಿಟ್: 640ರಲ್ಲಿ 560 ಕಳೆದರೆ 80.

ತಾಳೆ ನೋಡಿ: ಒಟ್ಟು ಖರ್ಚು 900ರಲ್ಲಿ ಉತ್ಪಾದನೆ 820 ಕಳೆದರೂ ಅದೇ 80. ಎರಡು ದಾರಿಯಲ್ಲೂ ಉತ್ತರ ಒಂದೇ. ಫೋನ್ ಮಾಡಿದವರ 260 ಯೂನಿಟ್ ಎಲ್ಲಿಯೂ ಹೋಗಲಿಲ್ಲ. ಹಗಲು ಮನೆಯಲ್ಲೇ ಖರ್ಚಾಯಿತು. ಅದಕ್ಕೆ ಬಿಲ್ಲೂ ಇಲ್ಲ, ಜಮಾನೂ ಇಲ್ಲ.

80 ಯೂನಿಟ್ ಬಂದರೂ ಬಿಲ್ಲಿನಲ್ಲಿ ಫಿಕ್ಸೆಡ್ ಚಾರ್ಜ್ ಇರುತ್ತದೆ, ಅದು ಸೋಲಾರ್‌ನಿಂದ ಹೋಗುವುದಿಲ್ಲ. ನೆಟ್ ಯೂನಿಟ್ ಮೇಲೆ ಇಂಧನ ಹೆಚ್ಚುವರಿ ದರ ಮತ್ತು ಸರ್ಕಾರದ ಡ್ಯೂಟಿಯೂ ಸೇರುತ್ತದೆ. "ಸೋಲಾರ್ ಹಾಕಿದರೆ ಬಿಲ್ಲು ಸೊನ್ನೆ" ಎಂದು ಮಾರುವವರು ಹೇಳುವಾಗ ಈ ಮಾತು ಬಿಟ್ಟುಬಿಡುತ್ತಾರೆ.

ಇನ್ನೊಂದು ಸಂಗತಿ. ಎಕ್ಸ್‌ಪೋರ್ಟ್ ಇಂಪೋರ್ಟಿಗಿಂತ ಜಾಸ್ತಿ ಆದರೆ ಗುಜರಾತಿನಲ್ಲಿ ಉಳಿಕೆ ಯೂನಿಟ್ ಆ ಬಿಲ್ಲಿನ ಅವಧಿಯ ಕೊನೆಗೆ ಹಣವಾಗಿ ಜಮಾ ಆಗುತ್ತದೆ. ಸೂರ್ಯ ಗುಜರಾತ್ ಯೋಜನೆಯಲ್ಲಿ ಮನೆಯವರಿಗೆ ಗೊತ್ತು ಮಾಡಿದ ದರ ಯೂನಿಟ್ಟಿಗೆ ರೂ. 2.25. ನಾವು ಕೊಂಡುಕೊಳ್ಳುವ ಯೂನಿಟ್ಟಿನ ದರಕ್ಕೆ ಹೋಲಿಸಿದರೆ ಇದು ತುಂಬ ಕಡಿಮೆ. ಆದ್ದರಿಂದ ನಮ್ಮ ಖರ್ಚನ್ನು ಮೀರಿ ದೊಡ್ಡ ಸೋಲಾರ್ ಹಾಕಿ ಕರೆಂಟ್ ಮಾರಿ ಲಾಭ ಮಾಡುತ್ತೇವೆ ಎನ್ನುವ ಲೆಕ್ಕ ಕೂಡಿ ಬರುವುದಿಲ್ಲ. ಹಿಂದಿನ ಒಂದು ವರ್ಷದ ಆರು ಬಿಲ್ಲುಗಳ ಯೂನಿಟ್ ಕೂಡಿಸಿ, ಅಷ್ಟಕ್ಕೆ ಬೇಕಾದ ಸೋಲಾರ್ ಮಾತ್ರ ಹಾಕಿಸಿ. ಪಿ.ಎಂ. ಸೂರ್ಯ ಘರ್ ಸಬ್ಸಿಡಿ ಕೂಡ 2 ಕಿಲೋವ್ಯಾಟ್‌ವರೆಗೆ ಕಿಲೋವ್ಯಾಟಿಗೆ ರೂ. 30,000, ಮೂರನೆಯ ಕಿಲೋವ್ಯಾಟಿಗೆ ರೂ. 18,000, ಒಟ್ಟು ರೂ. 78,000ಕ್ಕೆ ನಿಲ್ಲುತ್ತದೆ.

ಮೀಟರಿನಲ್ಲಿ ಎಲ್ಲಿ ನೋಡಬೇಕು

ನೆಟ್ ಮೀಟರಿನ ಪರದೆಯಲ್ಲಿ ಅಂಕಿಗಳು ಒಂದಾದ ಮೇಲೊಂದು ತಿರುಗುತ್ತಾ ಇರುತ್ತವೆ. ಗುಂಡಿ ಒತ್ತಿದರೂ ಬದಲಾಗುತ್ತದೆ. ಹಲವು ಮೀಟರ್‌ಗಳಲ್ಲಿ 1.8.0 ಎಂಬ ಸಂಖ್ಯೆಯ ಜೊತೆ ಬರುವುದು ಇಂಪೋರ್ಟ್, 2.8.0 ಜೊತೆ ಬರುವುದು ಎಕ್ಸ್‌ಪೋರ್ಟ್. ಎರಡೂ ಮೊದಲ ದಿನದಿಂದ ಕೂಡಿಕೊಂಡು ಬಂದ ಅಂಕಿ. ಈ ಸಲದ ಅಂಕಿಯಿಂದ ಹಿಂದಿನ ಸಲದ್ದನ್ನು ಕಳೆದರೆ ಈ ಅವಧಿಯದ್ದು ಸಿಗುತ್ತದೆ.

ಮೀಟರಿನಲ್ಲಿ ಒಂದು ಕೆಂಪು ದೀಪ ಮಿಣುಕುತ್ತಾ ಇರುತ್ತದೆ. ಪಕ್ಕದಲ್ಲಿ ಒಂದು ಯೂನಿಟ್ಟಿಗೆ ಎಷ್ಟು ಮಿಣುಕು ಎಂದು ಬರೆದಿರುತ್ತದೆ. 3200 ಎಂದಿದ್ದರೆ, ಒಂದು ನಿಮಿಷದಲ್ಲಿ ಎಷ್ಟು ಮಿಣುಕಿತು ಎಣಿಸಿ, 60ರಿಂದ ಗುಣಿಸಿ, 3200ರಿಂದ ಭಾಗಿಸಿ. 32 ಸಲ ಮಿಣುಕಿದರೆ 0.6 ಕಿಲೋವ್ಯಾಟ್. ರಾತ್ರಿ ಮನೆಯ ಎಲ್ಲ ಸ್ವಿಚ್ ಆರಿಸಿದ ಮೇಲೂ ದೀಪ ಮಿಣುಕುತ್ತಿದ್ದರೆ ಎಲ್ಲೋ ಲೀಕೇಜ್ ಇದೆ ಅಥವಾ ಯಾವುದೋ ಮೆಷಿನ್ ಚಾಲೂ ಇದೆ. ಕೂಡಲೇ ವೈರ್‌ಮನ್ ಕರೆಸಿ.

ತಾಳೆ ನೋಡಲು ಇನ್ನೊಂದು ಉಪಾಯ ಇದೆ. ಒಳ್ಳೆಯ ಬಿಸಿಲಿರುವ ಮಧ್ಯಾಹ್ನ ಮನೆಯ ಎಲ್ಲ ಸ್ವಿಚ್ ಅರ್ಧ ಗಂಟೆ ಆರಿಸಿ, ಸೋಲಾರ್ ಮಾತ್ರ ಚಾಲೂ ಇಡಿ. ಆಗ ಉತ್ಪಾದನೆ ಎಷ್ಟು ಏರಿತೋ ಎಕ್ಸ್‌ಪೋರ್ಟೂ ಹೆಚ್ಚು ಕಡಿಮೆ ಅಷ್ಟೇ ಏರಬೇಕು. ಇನ್ವರ್ಟರ್ ಅಂಕಿಗೂ ಮೀಟರ್ ಅಂಕಿಗೂ ಶೇಕಡಾ ಎರಡು ಮೂರರಷ್ಟು ವ್ಯತ್ಯಾಸ ಸಹಜ. ಬಹಳ ವ್ಯತ್ಯಾಸ ಇದ್ದರೆ ಮಾತ್ರ ದೂರು ಕೊಡುವ ಮಾತು.

ಮೊಬೈಲಿನ ಆಪ್ ನೋಡಿ ಬಿಲ್ಲಿಗೆ ಹೋಲಿಸುವವರು ತಾರೀಕನ್ನು ಗಮನಿಸಬೇಕು. ಆಪ್ 1ನೇ ತಾರೀಕಿನಿಂದ ತಿಂಗಳ ಕೊನೆವರೆಗೆ ಲೆಕ್ಕ ಕೊಡುತ್ತದೆ. ಬಿಲ್ಲಿನ ರೀಡಿಂಗ್ 12ರಿಂದ 12ಕ್ಕೆ ಇದ್ದರೆ ಎರಡೂ ಹೇಗೆ ತಾಳೆಯಾಗುತ್ತದೆ?

ಹೊಸದಾಗಿ ಹಾಕಿಸುವವರಿಗೆ ಮುಖ್ಯವಾದ ಎಚ್ಚರಿಕೆ: ನೆಟ್ ಮೀಟರ್ ಕೂರಿಸುವ ಮೊದಲು ಹಳೆ ಮೀಟರಿನಲ್ಲಿ ಸೋಲಾರ್ ಚಾಲೂ ಮಾಡಬೇಡಿ. ಹಳೆಯ ಎಲೆಕ್ಟ್ರಾನಿಕ್ ಮೀಟರ್‌ಗಳಲ್ಲಿ ಎಷ್ಟೋ ಮೀಟರ್‌ಗಳಿಗೆ ಕರೆಂಟ್ ಹೋಗುವುದೂ ಬರುವುದೂ ಒಂದೇ. ಕಳ್ಳತನ ತಡೆಯಲು ಹಾಗೆ ಮಾಡಿದ್ದು. ನೀವು ಲೈನಿಗೆ ಕೊಟ್ಟ ಯೂನಿಟ್ಟನ್ನೂ ನೀವು ತೆಗೆದುಕೊಂಡದ್ದು ಎಂದೇ ಅದು ಬರೆಯುತ್ತದೆ. ಕೊಟ್ಟದ್ದಕ್ಕೂ ನಾವೇ ಹಣ ಕಟ್ಟಬೇಕಾಗುತ್ತದೆ.

ಎಷ್ಟು ಬರಬೇಕು?

ಗುಜರಾತಿನಲ್ಲಿ ಒಂದು ಕಿಲೋವ್ಯಾಟಿಗೆ ವರ್ಷದ ಸರಾಸರಿ ದಿನಕ್ಕೆ ಸುಮಾರು 4 ಯೂನಿಟ್ ಹಿಡಿಯಬಹುದು. ಆದರೆ ಎಲ್ಲ ತಿಂಗಳೂ ಒಂದೇ ಅಲ್ಲ. ಮಾರ್ಚ್‌ನಿಂದ ಮೇವರೆಗೆ ನಾಲ್ಕೂವರೆಯಿಂದ ಐದು, ಚಳಿಗಾಲದಲ್ಲಿ ನಾಲ್ಕರ ಆಸುಪಾಸು, ಜುಲೈ ಆಗಸ್ಟ್ ಮಳೆಯಲ್ಲಿ ಎರಡೂವರೆಯಿಂದ ಮೂರೂವರೆ. ಉತ್ಪಾದನೆಯನ್ನು ದಿನಗಳಿಂದ ಭಾಗಿಸಿ, ಪುನಃ ಕಿಲೋವ್ಯಾಟಿನಿಂದ ಭಾಗಿಸಿ. ಮೇಲಿನ ಮನೆಯದ್ದು 820ನ್ನು 60ರಿಂದ, ಮತ್ತೆ 3ರಿಂದ ಭಾಗಿಸಿದರೆ ಸುಮಾರು 4.6. ಮಾರ್ಚ್ ಏಪ್ರಿಲಿಗೆ ಇದು ಸರಿಯಾದ ಅಂಕಿ.

ಈ ನಾಡಿನ ಬಿಸಿಲು ಸಾಧಾರಣದ್ದಲ್ಲ. ಪಾಟಣ್ ಜಿಲ್ಲೆಯ ಚಾರಣ್ಕಾದ ಸೋಲಾರ್ ಪಾರ್ಕ್ 2012ರಲ್ಲೇ ಲೋಕಾರ್ಪಣೆ ಆಯಿತು. ಸೂರ್ಯ ದೇವಾಲಯ ಇರುವ ಮೊಢೇರಾ ಗ್ರಾಮವನ್ನು 2022ರ ಅಕ್ಟೋಬರ್ 9ರಂದು ಸೋಲಾರ್ ಗ್ರಾಮ ಎಂದು ಘೋಷಿಸಿದರು. ಅಲ್ಲಿ ಸಾವಿರಕ್ಕೂ ಹೆಚ್ಚು ಮನೆಗಳ ಮೇಲೆ ಪ್ಯಾನೆಲ್ ಇದೆ. ನಮ್ಮ ಕರ್ನಾಟಕವೂ ಹಿಂದೆ ಬಿದ್ದಿಲ್ಲ, ತುಮಕೂರು ಜಿಲ್ಲೆಯ ಪಾವಗಡದ ಪಾರ್ಕ್ 2050 ಮೆಗಾವ್ಯಾಟಿನದ್ದು. ಆದರೆ ಪಾವಗಡದ ಲೆಕ್ಕವನ್ನು ಉಡುಪಿ, ಕುಂದಾಪುರದ ಮನೆಗೆ ಹಚ್ಚಬಾರದು. ಊರಿನ ಮನೆಗೂ ಸೋಲಾರ್ ಹಾಕಿಸುವ ಯೋಚನೆ ಇರುವವರು ಗಮನಿಸಿ: ಕರಾವಳಿಯ ಆಟಿ ತಿಂಗಳಲ್ಲಿ ಬೇಸಿಗೆಯ ಅರ್ಧದಷ್ಟು ಬಂದರೆ ದೊಡ್ಡದು. ತೆಂಗಿನ ಮರದ ನೆರಳು ಬೇರೆ.

ಬಿಲ್ಲು ಕಡಿಮೆ ಬಂದರೂ ನಷ್ಟ ಇರಬಹುದು

ಬಿಲ್ಲು ಮಾತ್ರ ನೋಡುವವರಿಗೆ ಆಗುವ ನಷ್ಟಕ್ಕೆ ಸೂರತ್‌ನ ನಮ್ಮ ಒಬ್ಬ ಮಿತ್ರರ ಮನೆಯ ಉದಾಹರಣೆ ಸಾಕು. 5 ಕಿಲೋವ್ಯಾಟ್ ಸೋಲಾರ್, ಪ್ಯಾನೆಲ್‌ಗಳನ್ನು ಎರಡು ಸಾಲಾಗಿ ಇನ್ವರ್ಟರಿಗೆ ಜೋಡಿಸಿದ್ದರು. ಏಪ್ರಿಲಿನಲ್ಲಿ ದಿನಕ್ಕೆ 22 ಯೂನಿಟ್ ಬರುತ್ತಿತ್ತು. ಮೇ ಮೊದಲ ವಾರ ಒಂದು ಸಾಲಿನ ಕನೆಕ್ಟರ್ ಸಡಿಲವಾಗಿ ಆ ಸಾಲು ಪೂರ್ತಿ ನಿಂತಿತು. ಉತ್ಪಾದನೆ 11ಕ್ಕೆ ಇಳಿಯಿತು. ಅದೇ ಹೊತ್ತಿಗೆ ಮಕ್ಕಳಿಗೆ ರಜೆ; ಮನೆಯವರೆಲ್ಲ ಕಾರ್ಕಳಕ್ಕೆ ಹೋಗಿದ್ದರು. ಏಸಿ ಬಂದ್. ಬಿಲ್ಲು ಬಂದಾಗ ಬಹಳ ಕಡಿಮೆ ಇತ್ತು, ಇವರು "ಸೋಲಾರ್ ಚೆನ್ನಾಗಿ ಕೆಲಸ ಮಾಡ್ತಾ ಉಂಟು" ಎಂದು ಸಂತೋಷಪಟ್ಟರು. ಜುಲೈಯಲ್ಲಿ ಕಡಿಮೆ ಬಂದಾಗ ಮೋಡದ ಮೇಲೆ ಹಾಕಿದರು.

ಆಗಸ್ಟ್‌ನಲ್ಲಿ ಇನ್ವರ್ಟರಿನ ಅಂಕಿಯನ್ನು ದಿನಗಳಿಂದಲೂ ಕಿಲೋವ್ಯಾಟಿನಿಂದಲೂ ಭಾಗಿಸಿ ನೋಡಿದಾಗ ಜುಲೈಯದ್ದು ಒಂದೂವರೆಯಷ್ಟೇ ಬಂತು. ಮಳೆಗಾಲವಾದರೂ ಅಷ್ಟು ಕಡಿಮೆ ಬರಬಾರದು. ಮೇಲೆ ಹತ್ತಿಸಿ ನೋಡಿಸಿದರೆ ಕನೆಕ್ಟರ್‌ನ ಪ್ಲಾಸ್ಟಿಕ್ ಕರಗಿ ಕಪ್ಪಾಗಿತ್ತು. ಮೂರು ತಿಂಗಳಲ್ಲಿ ಹೆಚ್ಚು ಕಡಿಮೆ 800 ಯೂನಿಟ್ ಹೋಗಿತ್ತು. ಅದರಲ್ಲಿ ಒಂದು ಭಾಗ ಕಡಿಮೆ ದರಕ್ಕೆ ಕಂಪನಿಗೆ ಹೋಗುತ್ತಿತ್ತು ಎಂದು ಹಿಡಿದರೂ ಮೂರು ನಾಲ್ಕು ಸಾವಿರ ರೂಪಾಯಿ ನಷ್ಟ. ಹಣ ಹೋಗಲಿ, ಸಡಿಲ ಕನೆಕ್ಟರ್‌ನಲ್ಲಿ ಕಿಡಿ ಹಾರಿ ತಾರಸಿಗೆ ಬೆಂಕಿ ಹತ್ತಿದ್ದರೆ? ಪ್ಯಾನೆಲ್‌ನಿಂದ ಬರುವುದು ಡಿ.ಸಿ. ಕರೆಂಟ್. ಕೆಳಗೆ ಮೇನ್ ಸ್ವಿಚ್ ಆರಿಸಿದರೂ ಬಿಸಿಲಿರುವ ತನಕ ಮೇಲಿನ ವೈರಿನಲ್ಲಿ ಅದು ಇದ್ದೇ ಇರುತ್ತದೆ. ಆದ್ದರಿಂದ ಅಲ್ಲಿ ನಾವು ಕೈ ಹಾಕುವಂತಿಲ್ಲ.

ಬಿಲ್ಲಿನಲ್ಲಿ ಖರ್ಚು ಮತ್ತು ಉತ್ಪಾದನೆ ಎರಡೂ ಬೆರೆತು ಬರುತ್ತದೆ. ಒಂದರ ತಪ್ಪನ್ನು ಇನ್ನೊಂದು ಮುಚ್ಚುತ್ತದೆ. ಗಲ್ಲಾದಲ್ಲಿ ಹಣ ಇದೆ ಎಂದು ಸ್ಟೋರ್ ನೋಡದೆ ಇರುವ ಹೋಟೆಲಿನ ಹಾಗೆ. ಈ ಲೇಖನದಲ್ಲಿ ನಾವು ಹೇಳಬೇಕೆಂದಿರುವ ಒಂದೇ ಮಾತು ಇದು: ಬಿಲ್ಲಿನ ಮೊತ್ತ ನೋಡಿ ಸೋಲಾರ್ ಸರಿಯಿದೆ ಎಂದು ಹೇಳಬೇಡಿ, ಉತ್ಪಾದನೆಯನ್ನು ಬೇರೆಯಾಗಿ ಬರೆದಿಡಿ.

ಧೂಳು, ಎಣ್ಣೆ, ಗಾಳಿಪಟ

ಗುಜರಾತಿನ ಧೂಳು ಎಲ್ಲರಿಗೂ ಗೊತ್ತಿದ್ದದ್ದೇ. ಗಾಂಧಿನಗರದ ಐ.ಐ.ಟಿ.ಯ ಪ್ಯಾನೆಲ್‌ಗಳ ಬಗ್ಗೆ ಅಲ್ಲಿಯವರು ಮತ್ತು ಅಮೇರಿಕಾದ ಡ್ಯೂಕ್ ವಿಶ್ವವಿದ್ಯಾಲಯದವರು ಸೇರಿ 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕೆಲವು ವಾರ ತೊಳೆಯದೆ ಬಿಟ್ಟ ಪ್ಯಾನೆಲ್‌ಗಳನ್ನು ತೊಳೆದ ಕೂಡಲೇ ಸಾಮರ್ಥ್ಯ ಶೇಕಡಾ 50ರಷ್ಟು ಏರಿದ್ದು ಕಂಡುಬಂತು. ತೊಳೆಯುವುದು ಅಂದರೆ ಅಷ್ಟು ಲಾಭದ ಕೆಲಸ.

ನಮ್ಮವರಿಗೆ ಇನ್ನೊಂದು ತೊಂದರೆ ಇದೆ. ಕೆಳಗೆ ಹೋಟೆಲ್, ಮೇಲೆ ಮನೆ ಇರುವಲ್ಲಿ ಅಡುಗೆ ಮನೆಯ ಚಿಮಣಿಯ ಬಾಯಿ ತಾರಸಿಯಲ್ಲೇ ಇರುತ್ತದೆ. ಕರಿಯುವ ಎಣ್ಣೆಯ ಹಬೆ ಗಾಜಿನ ಮೇಲೆ ಕೂತರೆ ಧೂಳು ಅಂಟಿಕೊಂಡು ಮಳೆಗೂ ಹೋಗುವುದಿಲ್ಲ. ಪ್ಯಾನೆಲ್ ಹಾಕಿಸುವ ಮೊದಲೇ ಚಿಮಣಿಯ ಬಾಯಿಯನ್ನು ಬೇರೆ ದಿಕ್ಕಿಗೆ ತಿರುಗಿಸಿ ಎತ್ತರಿಸಿ. ಜಿಡ್ಡು ಹಿಡಿದಿದ್ದರೆ ಪಾತ್ರೆ ತೊಳೆಯುವ ಸಾಬೂನು ದ್ರಾವಣವನ್ನು ಬಹಳ ತೆಳ್ಳಗೆ ಮಾಡಿ ಮೆತ್ತನೆಯ ಬಟ್ಟೆಯಿಂದ ಒರಸಿ. ಕಾವಲಿ ತಿಕ್ಕುವ ತಂತಿ ಬ್ರಶ್ ಖಂಡಿತ ಬೇಡ.

ತೊಳೆಯುವಾಗ ನೆನಪಿಡಬೇಕಾದ್ದು: ಬೆಳಿಗ್ಗೆ ಬಿಸಿಲೇರುವ ಮೊದಲು ಅಥವಾ ಸಂಜೆ ತೊಳೆಯಬೇಕು, ಮಧ್ಯಾಹ್ನ ಕಾದ ಗಾಜಿನ ಮೇಲೆ ತಣ್ಣೀರು ಎರಚಿದರೆ ಗಾಜು ಬಿರುಕು ಬಿಡಬಹುದು. ಆರ್.ಓ. ಮೆಷಿನಿನಿಂದ ಹೊರಗೆ ಬರುವ ವೇಸ್ಟ್ ನೀರು ಇದಕ್ಕೆ ಬೇಡ, ಉಪ್ಪು ಬಿಳಿ ಕಲೆಯಾಗಿ ಉಳಿಯುತ್ತದೆ. ಬೋರ್‌ವೆಲ್ಲಿನ ಗಡಸು ನೀರೂ ಹಾಗೆಯೇ. ಪ್ಯಾನೆಲ್ ಮೇಲೆ ಕಾಲಿಡಬಾರದು. ಕಟಕಟೆ ಇಲ್ಲದ ಮಾಡಿನ ಮೇಲೆ ಕ್ಲೀನರ್ ಹುಡುಗನನ್ನು ಹತ್ತಿಸಬಾರದು. ನಾಲ್ಕು ಯೂನಿಟ್ಟಿಗಿಂತ ಅವನ ಜೀವ ದೊಡ್ಡದು.

ಜನವರಿ 14ರ ಉತ್ತರಾಯಣಕ್ಕೆ ಇಡೀ ಊರು ತಾರಸಿಯಲ್ಲಿರುತ್ತದೆ. ಹಬ್ಬ ಮುಗಿದ ಮೇಲೆ ಒಮ್ಮೆ ಹೋಗಿ ನೋಡಿ. ಪ್ಯಾನೆಲ್ ಮೇಲೆ ಸಿಕ್ಕಿಕೊಂಡ ಒಂದು ಗಾಳಿಪಟದ ನೆರಳು ಸಾಕು, ಆ ಸಾಲಿನ ಉತ್ಪಾದನೆ ಇಳಿಸಲು. ಪ್ಯಾನೆಲ್‌ಗಳನ್ನು ಒಂದರ ಹಿಂದೆ ಒಂದು ಸರದ ಹಾಗೆ ಜೋಡಿಸಿರುವುದರಿಂದ ಒಂದಕ್ಕೆ ಬಿದ್ದ ನೆರಳು ಉಳಿದವಕ್ಕೂ ತಟ್ಟುತ್ತದೆ. ಪಕ್ಕದಲ್ಲಿ ಹೊಸದಾಗಿ ಎದ್ದ ಟಾಂಕಿ, ಟವರ್, ಬೋರ್ಡುಗಳ ನೆರಳಿಗೂ ಇದೇ ಮಾತು.

ಕರೆಂಟ್ ಹೋದಾಗ ಸೋಲಾರೂ ಹೋಗುತ್ತದೆ

ಬ್ಯಾಟರಿ ಇಲ್ಲದ ಸಾಧಾರಣ ಸೋಲಾರ್, ಲೈನಿನ ಕರೆಂಟ್ ಹೋದ ಕೂಡಲೇ ತಾನೂ ನಿಲ್ಲುತ್ತದೆ. ಅದು ದೋಷ ಅಲ್ಲ. ಕಂಬದಲ್ಲಿ ಕೆಲಸ ಮಾಡುವ ಲೈನ್‌ಮನ್‌ಗೆ ನಮ್ಮ ಮನೆಯ ಕರೆಂಟ್ ತಾಗಬಾರದು ಎಂದು ಮಾಡಿದ ವ್ಯವಸ್ಥೆ. ಲೈನಿನ ವೋಲ್ಟೇಜ್ ಮಿತಿ ಮೀರಿ ಏರಿದರೂ ಇನ್ವರ್ಟರ್ ನಿಲ್ಲುತ್ತದೆ. ಒಂದೇ ಸೊಸೈಟಿಯಲ್ಲಿ ಬಹಳ ಮನೆಗಳು ಸೋಲಾರ್ ಹಾಕಿದಾಗ ಮಧ್ಯಾಹ್ನ ಎಲ್ಲರೂ ಲೈನಿಗೆ ಕರೆಂಟ್ ತಳ್ಳುವುದರಿಂದ ಹೀಗಾಗಬಹುದು. ಒಳ್ಳೆಯ ಬಿಸಿಲಿನಲ್ಲಿ ಉತ್ಪಾದನೆ ಪದೇ ಪದೇ ಸೊನ್ನೆಗೆ ಬೀಳುತ್ತಿದ್ದರೆ ಇನ್ವರ್ಟರ್ ಪರದೆಯ ಸಂದೇಶದ ಫೋಟೋ ತೆಗೆದಿಟ್ಟು ವಿದ್ಯುತ್ ಕಚೇರಿಗೆ ಬರೆದು ಕೊಡಿ.

ಹೋಟೆಲಿಗೆ ಹಾಕಿಸುವವರಿಗೆ

ನಮ್ಮಲ್ಲಿ ಹೆಚ್ಚಿನವರ ಹೋಟೆಲ್ ಬಾಡಿಗೆ ಜಾಗದಲ್ಲಿದೆ, ತಾರಸಿ ಮಾಲೀಕರದ್ದು. ಹಾಗಾಗಿ ಮನೆಯಿಂದ ಶುರು ಮಾಡುವುದು ಸುಲಭ. ಸ್ವಂತ ಕಟ್ಟಡ ಇರುವವರು ನಾಲ್ಕು ಸಂಗತಿ ನೋಡಬೇಕು.

ಒಂದು, ಪಿ.ಎಂ. ಸೂರ್ಯ ಘರ್ ಸಬ್ಸಿಡಿ ಮನೆಗೆ ಮಾತ್ರ, ವ್ಯಾಪಾರದ ಕನೆಕ್ಷನ್‌ಗೆ ಇಲ್ಲ. ಮನೆಯ ಕನೆಕ್ಷನ್ ಹೆಸರಿನಲ್ಲಿ ಸಬ್ಸಿಡಿ ತೆಗೆದುಕೊಂಡು ಹೋಟೆಲಿಗೆ ವೈರ್ ಎಳೆದರೆ ಮುಂದೆ ದಂಡ ಕಟ್ಟಬೇಕಾದೀತು.

ಎರಡು, ದೊಡ್ಡ ಲೋಡ್ ಇರುವಲ್ಲಿ ಫಿಕ್ಸೆಡ್ ಚಾರ್ಜ್ ಮ್ಯಾಕ್ಸಿಮಮ್ ಡಿಮ್ಯಾಂಡ್ ಮೇಲೆ ಬರುತ್ತದೆ. ಹೋಟೆಲಿನ ಲೋಡ್ ಜೋರಾಗುವುದು ರಾತ್ರಿ ಎಂಟಕ್ಕೆ. ಏಸಿ, ಲೈಟು, ಫ್ರೀಜರ್ ಎಲ್ಲ ಒಟ್ಟಿಗೆ. ಆಗ ಸೂರ್ಯ ಇಲ್ಲ. ಸೋಲಾರ್ ಯೂನಿಟ್ ಉಳಿಸುತ್ತದೆ, ರಾತ್ರಿಯ ಡಿಮ್ಯಾಂಡ್ ಇಳಿಸುವುದಿಲ್ಲ.

ಮೂರು, ದೊಡ್ಡ ಕನೆಕ್ಷನ್‌ಗಳಲ್ಲಿ ಸಿ.ಟಿ. ಮೀಟರ್ ಇರುತ್ತದೆ. ಮೀಟರಿನ ಅಂಕಿಯನ್ನು ಬಿಲ್ಲಿನಲ್ಲಿರುವ ಮಲ್ಟಿಪ್ಲೈಯಿಂಗ್ ಫ್ಯಾಕ್ಟರ್‌ನಿಂದ ಗುಣಿಸಬೇಕು. ಫ್ಯಾಕ್ಟರ್ 20 ಇದ್ದರೆ, ಮೀಟರಿನಲ್ಲಿ 12 ಏರಿತು ಎಂದರೆ 240 ಯೂನಿಟ್. ಎಕ್ಸ್‌ಪೋರ್ಟಿಗೂ ಇದೇ ಗುಣಾಕಾರ ಆಗಿದೆಯೇ ಎಂದು ಬಿಲ್ಲಿನಲ್ಲಿ ನೋಡಿಕೊಳ್ಳಿ.

ನಾಲ್ಕು, ವ್ಯಾಪಾರದ ಕನೆಕ್ಷನ್‌ನಲ್ಲಿ ಎಕ್ಸ್‌ಪೋರ್ಟ್ ಮಾಡಿ ವಾಪಸ್ ಪಡೆಯುವುದಕ್ಕೆ ಬ್ಯಾಂಕಿಂಗ್ ಚಾರ್ಜ್ ಹಾಕುವ ನಿಯಮ ಇದೆ. ಹಾಗಿದ್ದಾಗ ಹಗಲು ತಯಾರಾದದ್ದನ್ನು ಹಗಲೇ ಉಪಯೋಗಿಸುವುದು ಲಾಭ. ಹಿಟ್ಟು ರುಬ್ಬುವುದು, ನೀರು ಮೇಲೆತ್ತುವುದು, ಐಸ್ ಮಾಡುವುದನ್ನು ಹನ್ನೊಂದರಿಂದ ಮೂರರ ನಡುವೆ ಇಟ್ಟುಕೊಳ್ಳಿ. ಮರುದಿನದ ಇಡ್ಲಿ ಹಿಟ್ಟು ಮಧ್ಯಾಹ್ನ ರುಬ್ಬಿದರೆ ರಾತ್ರಿಯೊಳಗೆ ಹುಳಿ ಬರುವ ಸಮಯವೂ ಸರಿಹೋಗುತ್ತದೆ. ಬೇಸಿಗೆಯಲ್ಲಿ ಮಾತ್ರ ಸಂಜೆ ಹಿಟ್ಟನ್ನು ತಂಪಿನಲ್ಲಿ ಇಡಬೇಕು.

ಮೀಟರ್ ಮೇಲೆ ಸಂಶಯ ಬಂದರೆ

ಅಹಮದಾಬಾದ್ ನಗರಕ್ಕೂ ಸೂರತ್ ನಗರದ ಬಹುಭಾಗಕ್ಕೂ ಟೊರೆಂಟ್ ಪವರ್, ವಡೋದರಾಕ್ಕೆ ಮಧ್ಯ ಗುಜರಾತ್ ವೀಜ್ ಕಂಪನಿ, ಸೂರತ್‌ನ ಉಳಿದ ಭಾಗಕ್ಕೆ ದಕ್ಷಿಣ ಗುಜರಾತ್ ವೀಜ್ ಕಂಪನಿ ವಿದ್ಯುತ್ ಕೊಡುತ್ತವೆ. 2024ರ ಮೇ ತಿಂಗಳಲ್ಲಿ ವಡೋದರಾದಲ್ಲಿ ಸ್ಮಾರ್ಟ್ ಪ್ರಿಪೇಡ್ ಮೀಟರ್ ವಿರುದ್ಧ ಜನ ಬೀದಿಗಿಳಿದದ್ದು ನೆನಪಿರಬಹುದು. ಜನರ ಸಂಶಯ ಹೋಗಲಿ ಎಂದು ಹೊಸ ಮೀಟರಿನ ಪಕ್ಕದಲ್ಲಿ ಚೆಕ್ ಮೀಟರ್ ಇಟ್ಟು ಹೋಲಿಸಿ ತೋರಿಸುವ ಮಾತು ಆಗ ಬಂತು. ಸಂಶಯ ತೀರಿಸಲು ಇದೇ ಸರಿಯಾದ ದಾರಿ: ಎರಡು ಅಂಕಿ ಎದುರೆದುರು ಇಟ್ಟು ನೋಡುವುದು.

ಮೀಟರ್ ಪರೀಕ್ಷೆಗೆ ಅರ್ಜಿ ಕೊಡುವ ಹಕ್ಕು ಪ್ರತಿ ಗ್ರಾಹಕನಿಗೂ ಇದೆ. ಕಚೇರಿಯಲ್ಲಿ ಪರಿಹಾರ ಸಿಗದಿದ್ದರೆ 2003ರ ವಿದ್ಯುತ್ ಕಾಯ್ದೆಯಂತೆ ಗ್ರಾಹಕರ ದೂರು ಪರಿಹಾರ ವೇದಿಕೆ ಇದೆ, ಅದರ ಮೇಲೆ ಓಂಬುಡ್ಸ್‌ಮನ್ ಇದ್ದಾರೆ. ಆದರೆ ಅಲ್ಲಿ ಬರೇ ಬಾಯಿ ಮಾತು ನಡೆಯುವುದಿಲ್ಲ. ತಾರೀಕು ಸಮೇತ ಬರೆದ ಅಂಕಿ ಇದ್ದವನ ಮಾತಿಗೆ ಬೆಲೆ.

ವಾರಕ್ಕೆ ಐದು ನಿಮಿಷ

ಆದ್ದರಿಂದ ಒಂದು ನೂರು ಪುಟದ ಪುಸ್ತಕ ತನ್ನಿ. ತಾರೀಕು, ಉತ್ಪಾದನೆ, ಇಂಪೋರ್ಟ್, ಎಕ್ಸ್‌ಪೋರ್ಟ್, ಷರಾ ಎಂದು ಐದು ಗೆರೆ ಹಾಕಿ. ಪ್ರತಿ ಭಾನುವಾರ ಒಂದೇ ಹೊತ್ತಿಗೆ ಬರೆಯಿರಿ. ಷರಾದಲ್ಲಿ "ಪ್ಯಾನೆಲ್ ತೊಳೆದದ್ದು", "ಊರಿಗೆ ಹೋದದ್ದು", "ಮೂರು ದಿನ ಮಳೆ", "ಹೊಸ ಏಸಿ" ಎಂದು ಸೇರಿಸಿ. ತಿಂಗಳ ಕೊನೆಗೆ ಮೂರು ಲೆಕ್ಕ ಮಾಡಿ: ಕಿಲೋವ್ಯಾಟಿಗೆ ದಿನಕ್ಕೆ ಎಷ್ಟು ಬಂತು, ಮನೆಯ ನಿಜವಾದ ಖರ್ಚು ಎಷ್ಟು, ನೆಟ್ ಯೂನಿಟ್ ಎಷ್ಟು. ಮೊದಲನೆಯದು ಬಿದ್ದರೆ ತಾರಸಿ ನೋಡಿ, ಎರಡನೆಯದು ಏರಿದರೆ ಮನೆಯೊಳಗೆ ನೋಡಿ, ಮೂರನೆಯದು ಬಿಲ್ಲಿಗೆ ತಾಳೆಯಾಗದಿದ್ದರೆ ವಿದ್ಯುತ್ ಕಚೇರಿಗೆ ಹೋಗಿ. ಯಾವ ಬಾಗಿಲು ತಟ್ಟಬೇಕು ಎಂದು ಪುಸ್ತಕವೇ ಹೇಳುತ್ತದೆ.

ಶಾಲೆಗೆ ಹೋಗುವ ಮಕ್ಕಳಿದ್ದರೆ ಈ ಕೆಲಸ ಅವರಿಗೆ ವಹಿಸಿ. ಲೆಕ್ಕವೂ ಕಲಿತ ಹಾಗಾಯಿತು. ಮುಂದಿನ ಸಭೆಗೆ ಬರುವಾಗ ಸದಸ್ಯರು ತಮ್ಮ ಕೊನೆಯ ಎರಡು ಲೈಟ್ ಬಿಲ್ಲು ಮತ್ತು ಇನ್ವರ್ಟರಿನ ಅಂಕಿ ಬರೆದುಕೊಂಡು ತರಬೇಕಾಗಿ ವಿನಂತಿ. ಚಹಾ ಕುಡಿಯುತ್ತಾ ಒಟ್ಟಿಗೆ ಕೂತು ತಾಳೆ ನೋಡೋಣ.